ಹೊರ ಸಮುದ್ರದಲ್ಲಿ ಗಾಳ ಹಾಕೋರಿಗೆ: ದಾರ, ಲೀಡರ್, ಗಂಟು ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೈತಖೋಲ, ತದಡಿ, ಹೊನ್ನಾವರ, ಮುರುಡೇಶ್ವರದಿಂದ ಬೋಟ್ ಹತ್ತಿ ರಾಡ್ ಹಿಡ್ಕಂಡು ಹೊರಗೆ ಹೋಗೋರು ಈಗ ಜಾಸ್ತಿ ಆಗಿದಾರೆ, ಕಾರವಾರ ಕುಮಟಾದವರು ಹೇಗೂ ಇದ್ದೇ ಇದಾರೆ, ಶಿರಸಿ ಯಲ್ಲಾಪುರದಿಂದ ಘಟ್ಟ ಇಳಿದು ಬರೋರೂ ಇದಾರೆ. ಎಲ್ಲರೂ ಮೊದ್ಲು ಕೇಳೋದು ರಾಡ್ ಯಾವ್ದು ತಗೊಳ್ಲಿ, ರೀಲ್ ಯಾವ್ದು ಅಂತ. ಆದ್ರೆ ದೊಡ್ಡ ಮೀನು ತಪ್ಪಿಸ್ಕೊಳ್ಳೋದು ಹೆಚ್ಚಾಗಿ ದಾರದ ಕೊನೆಯ ಎರಡು ಮೂರು ಮೀಟರಿನಲ್ಲಿ, ಗಂಟು ಜಾರಿ, ಕ್ರಿಂಪ್ (ದಾರ ಒಳಗೆ ಹಾಕಿ ಒತ್ತೋ ಲೋಹದ ನಳಿಗೆ) ಬಿಟ್ಟು, ಇಲ್ಲಾ ಮೀನಿನ ಹಲ್ಲಿಗೆ ಲೀಡರ್ (ಮೇನ್ ಲೈನಿಗೂ ಗಾಳಕ್ಕೂ ನಡುವೆ ಕಟ್ಟೋ ದಪ್ಪ ದಾರದ ತುಂಡು) ಕಡಿದು. ಅದಕ್ಕೇ ಇಲ್ಲಿ ರಾಡ್ ರೀಲ್ ಮಾತು ಕಡಿಮೆ, ಆ ಎರಡು ಮೂರು ಮೀಟರಿನ ಮಾತೇ ಜಾಸ್ತಿ.

ಲೀಡರ್ ಯಾಕೆ ಬೇಕು, ಮೇನ್ ಲೈನಿಗೇ ಗಾಳ ಕಟ್ಟಿದ್ರೆ ಆಗಲ್ವಾ?

ಈಗ ಎಲ್ಲರ ರೀಲಲ್ಲೂ ಇರೋದು ಬ್ರೇಡ್, ಅಂದ್ರೆ ಸಣ್ಣ ಎಳೆ ಹೆಣೆದು ಮಾಡಿದ ದಾರ. ಬ್ರೇಡ್ ಸಣ್ಣ, ಗಟ್ಟಿ, ಎಳೆದ್ರೆ ಹಿಗ್ಗೋದಿಲ್ಲ ಅಂತ್ಲೇ ಹೇಳ್ಬಹುದು, ಆದ್ರೆ ಕಲ್ಲಿಗೆ, ಮೃದ್ವಂಗಿ ಚಿಪ್ಪಿಗೆ, ಬೋಟಿನ ತಳಕ್ಕೆ, ಮೀನಿನ ಕಿವಿರಿನ ಮುಚ್ಚಳಕ್ಕೆ ಒಂದ್ಸಲ ಉಜ್ಜಿದ್ರೆ ಸಾಕು, ಕಡಿದೇ ಹೋಗ್ತದೆ. ಲೀಡರ್ ದಪ್ಪ ಇರ್ತದೆ, ಉಜ್ಜಿದ್ರೂ ತಡ್ಕೊಳ್ತದೆ, ನೀರಲ್ಲಿ ಕಾಣೋದೂ ಕಡಿಮೆ, ಮತ್ತೆ ಮೀನು ಬೋಟಿನ ಹತ್ರ ಬಂದಾಗ ಕೈಯಲ್ಲಿ ಹಿಡಿಯೋಕೆ ಏನಾದ್ರೂ ಬೇಕಲ್ಲ, ಬ್ರೇಡ್ ಹಿಡಿದ್ರೆ ಬೆರಳು ಕುಯ್ದು ಹೋಗ್ತದೆ. ಮೇನ್ ಲೈನ್ ಮೋನೋ (ಒಂಟಿ ಎಳೆ ನೈಲಾನ್) ಇದ್ರೂ ಲೀಡರ್ ಬೇಕು, ಅದರಲ್ಲಿ ಎರಡು ಮಾತಿಲ್ಲ.

ಬ್ರೇಡ್ ಎಷ್ಟು ದಪ್ಪದ್ದು ಹಾಕ್ಬೇಕು? ಪಿಇ ನಂಬರ್ ಅಂದ್ರೆ ಎಂತ?

ಪಿಇ ನಂಬರ್ ದಾರದ ದಪ್ಪ ಹೇಳ್ತದೆ, ಶಕ್ತಿ ಅಲ್ಲ. ಪಿಇ 1 ಅಂದ್ರೆ ಸುಮಾರು 0.165 ಮಿ.ಮೀ., ಪಿಇ 4 ಅಂದ್ರೆ ಸುಮಾರು 0.33 ಮಿ.ಮೀ. ಶಕ್ತಿ ಪೌಂಡಲ್ಲಿ ಬೇರೆ ಬರ್ದಿರ್ತದೆ, ಒಂದೇ ಪಿಇ ನಂಬರಿಗೆ ಒಬ್ಬೊಬ್ಬ ಕಂಪನಿಯವರು ಒಂದೊಂದು ಪೌಂಡ್ ಬರೀತಾರೆ. ಒಂದು ಪೌಂಡ್ ಅಂದ್ರೆ 0.45 ಕೆಜಿ, ಅಂದ್ರೆ 50 ಪೌಂಡ್ ದಾರ 22 ಕೆಜಿ ಚಿಲ್ಲರೆ.

ನಮ್ಮ ಕಡೆ ಜಿಗ್ಗಿಂಗಿಗೆ (ಲೋಹದ ನಕಲಿ ಮೀನು ಕೆಳಗೆ ಬಿಟ್ಟು ಕುಣಿಸ್ತಾ ಎತ್ತೋದು), ಸಾಮಾನ್ಯ ಲೂರ್ (ನಕಲಿ ಮೀನು) ಎಸೆಯೋಕೆ ಪಿಇ 2ರಿಂದ 3 ಧಾರಾಳ ಸಾಕು. ಇಸ್ವಾಣ (ಅಂಜಲ್), ದೊಡ್ಡ ಬರಾಕುಡಾ, ಟ್ಯೂನಾ ಅಂತ ಟ್ರೋಲಿಂಗ್ (ಓಡೋ ಬೋಟಿನ ಹಿಂದೆ ಗಾಳ ಎಳೆಯೋದು) ಮಾಡೋರು ಪಿಇ 4. ಕಲ್ಲಿನ ಮೇಲೆ ದೊಡ್ಡ ಟ್ರೆವಲ್ಲಿ ಮೀನಿಗೆ ಪಾಪರ್ (ನೀರ ಮೇಲೆ ಸದ್ದು ಮಾಡೋ ಲೂರ್) ಹೊಡೆಯೋದಾದ್ರೆ ಮಾತ್ರ ಪಿಇ 6, 8 ಅಂತ ಹೋಗಿ. ಸುಮ್ನೆ ದಪ್ಪ ಹಾಕಿದ್ರೆ ಸ್ಪೂಲಲ್ಲಿ ದಾರ ಹಿಡಿಯೋದು ಕಡಿಮೆ, ನೀರಿನ ಎಳೆತಕ್ಕೆ ದಾರ ಬಿಲ್ಲಿನ ಹಾಗೆ ಬಾಗ್ತದೆ, ಕಚ್ಚಿದ್ದೂ ಗೊತ್ತಾಗಲ್ಲ.

ಲೀಡರಿಗೆ ಮೋನೋ ಒಳ್ಳೇದಾ, ಫ್ಲೋರೋಕಾರ್ಬನ್ನಾ?

ಎರಡೂ ಬೇಕು, ಕೆಲಸ ನೋಡಿ ಆರಿಸ್ಬೇಕು. ಫ್ಲೋರೋ ನೀರಿಗಿಂತ ಭಾರ, ಬೇಗ ಮುಳುಗ್ತದೆ, ನೀರು ಹೀರಲ್ಲ, ಉಜ್ಜಿದ್ರೆ ತಡ್ಕೊಳ್ತದೆ, ಬೆಳಕು ಅದರಲ್ಲಿ ಬಾಗೋ ರೀತಿ ನೈಲಾನಿಗಿಂತ ನೀರಿಗೆ ಹತ್ರ ಇರೋದ್ರಿಂದ ಮೀನಿಗೆ ಕಾಣೋದೂ ಕಡಿಮೆ. ಡಿಸೆಂಬರ್ ಜನವರಿಯಲ್ಲಿ ನೀರು ತಿಳಿ ಇದ್ದಾಗ, ಜಿಗ್ಗಿಂಗಲ್ಲಿ, ಜೀವಂತ ಬೈಟಲ್ಲಿ ಇದರ ಬೆಲೆ ಗೊತ್ತಾಗ್ತದೆ. ಮೋನೋ ಮೆತ್ತಗೆ, ಸ್ವಲ್ಪ ಹಿಗ್ತದೆ, ಮೀನು ದಡಕ್ಕನೆ ಎಳೆದಾಗ ಆ ಹೊಡೆತ ತಿನ್ನೋದು ಅದೇ, ಗಂಟೂ ಚೆನ್ನಾಗಿ ಕೂರ್ತದೆ, ರೇಟೂ ಕಡಿಮೆ. ಪಾಪರಿಗೆ ಮೋನೋನೇ ಸರಿ, ಯಾಕಂದ್ರೆ ಫ್ಲೋರೋ ಮುಳುಗಿ ಪಾಪರಿನ ಮೂತಿ ಕೆಳಗೆ ಎಳೀತದೆ. ಟ್ರೋಲಿಂಗಿಗೂ ನಾನು ಮೋನೋನೇ ಹೇಳೋದು.

ಆಗಸ್ಟ್ ಸೆಪ್ಟೆಂಬರಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲಾ ಕೆಂಪು ನೀರು ಸಮುದ್ರಕ್ಕೆ ತಳ್ತಾ ಇರ್ತಾವೆ, ಆಗ ದುಬಾರಿ ಫ್ಲೋರೋ ಹಾಕಿ ಕಾಣ್ಬಾರ್ದು ಅಂತ ತಲೆಕೆಡಿಸ್ಕೊಳ್ಳೋದ್ರಲ್ಲಿ ಅರ್ಥ ಇಲ್ಲ.

ಉದ್ದ ಎಷ್ಟಿರ್ಬೇಕು?

ಲೂರ್ ಎಸೆಯೋಕೆ ಒಂದೂವರೆ ಎರಡು ಮೀಟರ್, ಜಿಗ್ಗಿಂಗಿಗೆ ಎರಡರಿಂದ ನಾಲ್ಕು ಮೀಟರ್, ಟ್ರೋಲಿಂಗಿಗೆ ನಾಲ್ಕೈದು ಮೀಟರ್. ದಾಖಲೆ ಮೀನು ಅಂತ ಐಜಿಎಫ್‌ಎಗೆ (ಗಾಳದ ಮೀನಿನ ದಾಖಲೆ ಇಡೋ ಅಂತಾರಾಷ್ಟ್ರೀಯ ಸಂಸ್ಥೆ) ಕಳಿಸೋ ಆಸೆ ಇದ್ದೋರು ಮಾತ್ರ ಅವರ ನಿಯಮ ನೋಡ್ಕೊಳ್ಳಿ, ಸಮುದ್ರ ಮೀನಿಗೆ 20 ಪೌಂಡಿನವರೆಗಿನ ಲೈನಲ್ಲಿ ಲೀಡರ್ 15 ಅಡಿ ಮೀರ್ಬಾರ್ದು, ಅದಕ್ಕಿಂತ ಮೇಲಿನ ಲೈನಲ್ಲಿ 30 ಅಡಿ ಮೀರ್ಬಾರ್ದು.

ಬ್ರೇಡಿಗೆ ಲೀಡರ್ ಸೇರಿಸೋಕೆ ಯಾವ ಗಂಟು? ಎಫ್‌ಜಿ ನಂಗೆ ಬರೋದೇ ಇಲ್ಲ, ಜಾರ್ತದೆ.

ಎಲ್ಲಾದಕ್ಕಿಂತ ಜಾಸ್ತಿ ಬರೋ ಪ್ರಶ್ನೆ ಇದು, ಸ್ವಲ್ಪ ಉದ್ದ ಹೇಳ್ತೇನೆ.

ಎಫ್‌ಜಿಯಲ್ಲಿ ಲೀಡರನ್ನ ಬಗ್ಗಿಸಿ ಗಂಟು ಹಾಕೋದೇ ಇಲ್ಲ. ಲೀಡರ್ ನೆಟ್ಟಗೆ ಇರ್ತದೆ, ಬ್ರೇಡ್ ಅದರ ಸುತ್ತ ಮೇಲೆ ಕೆಳಗೆ ಅಂತ ಹೆಣೆದು ಕಚ್ಚಿ ಹಿಡಿತದೆ. ಅದಕ್ಕೇ ಗಂಟು ತೆಳ್ಳಗೆ, ರಾಡಿನ ಗೈಡಲ್ಲಿ ಸಿಕ್ಕದೆ ಹಾದು ಹೋಗ್ತದೆ. ಜಾರೋಕೆ ಕಾರಣ ಹೆಚ್ಚಾಗಿ ಒಂದೇ, ಹೆಣೆಯೋವಾಗ ಬ್ರೇಡ್ ಬಿಗಿ ಇರ್ಲಿಲ್ಲ, ಆಮೇಲೆ ಸಾಕಷ್ಟು ಎಳೀಲೂ ಇಲ್ಲ.

ರಾಡ್ ಗೋಡೆಗೆ ಒರಗಿಸಿ ಅಥ್ವಾ ಹೋಲ್ಡರಲ್ಲಿಟ್ಟು, ಬ್ರೇಡಿನ ತುದಿಯನ್ನ ಕೈ ಬೆರಳಿಗೆ ಬಟ್ಟೆ ಸುತ್ತಿ ಅದರ ಮೇಲೆ ಸುತ್ಕೊಳ್ಳಿ, ರಾಡಿನ ತುದಿ ಸ್ವಲ್ಪ ಬಾಗೋ ಅಷ್ಟು ಎಳೆದು ಹಿಡೀರಿ, ತಂತಿ ಹಾಗೆ ಟಣ್ ಅನ್ಬೇಕು. ಈಗ ಇನ್ನೊಂದು ಕೈಯಲ್ಲಿ ಲೀಡರ್ ತುದಿ ಹಿಡಿದು ಆ ಬಿಗಿ ಬ್ರೇಡ್ ಮೇಲಿಂದ ಒಂದ್ಸಲ, ಕೆಳಗಿಂದ ಒಂದ್ಸಲ, ಹೀಗೆ ಎರಡೂ ಕಡೆ ಬದಲಿಸ್ತಾ ಹೋಗಿ. 40-60 ಪೌಂಡ್ ಲೀಡರಿಗೆ ಒಟ್ಟು ಇಪ್ಪತ್ತು ಹೆಣಿಗೆ, ಬ್ರೇಡ್ ತುಂಬಾ ಸಣ್ಣ ಇದ್ರೆ ಇನ್ನೂ ನಾಲ್ಕೈದು ಜಾಸ್ತಿ. ಪ್ರತಿ ಹೆಣಿಗೆ ಹಿಂದಿನದ್ರ ಪಕ್ಕ ಕೂರ್ಬೇಕು, ಒಂದ್ರ ಮೇಲೊಂದು ಹತ್ಬಾರ್ದು. ಮುಗಿದ ಮೇಲೆ ಹೆಣಿಗೆ ಬಿಚ್ಚದ ಹಾಗೆ ಬೆರಳಲ್ಲಿ ಒತ್ತಿ ಹಿಡಿದು ಬ್ರೇಡ್ ತುದಿಯಿಂದ ಲೀಡರ್ ಮತ್ತೆ ಮೇನ್ ಬ್ರೇಡ್ ಎರಡನ್ನೂ ಸೇರಿಸಿ ಒಂದು ಅರೆಗಂಟು ಹಾಕಿ. ಇನ್ನೊಂದು ಹಾಕಿ. ಈಗ ಎಂಜಲಲ್ಲೋ ನೀರಲ್ಲೋ ಒದ್ದೆ ಮಾಡಿ ಲೀಡರ್ ಒಂದು ಕಡೆ, ಬ್ರೇಡ್ ಒಂದು ಕಡೆ, ಕೈಗೆ ಗ್ಲೌಸ್ ಹಾಕಿ ಜೋರಾಗಿ ಎಳೀರಿ. ನೋಡ್ತಾ ಇರಿ, ಹೆಣಿಗೆ ಒತ್ತೊತ್ತಾಗಿ ಕೂತು ಬ್ರೇಡಿನ ಬಣ್ಣ ಗಾಢ ಆಗ್ತದೆ. ಬಣ್ಣ ಬದಲಾಗದಿದ್ರೆ ಗಂಟು ಕಚ್ಚಿಲ್ಲ ಅಂತ್ಲೇ ಲೆಕ್ಕ, ಬಿಚ್ಚಿ ಮತ್ತೆ ಹಾಕಿ. ಆಮೇಲೆ ಇನ್ನೂ ನಾಲ್ಕು ಅರೆಗಂಟು, ಲೀಡರಿನ ಉಳಿದ ತುದಿ ಹತ್ರಕ್ಕೆ ಕತ್ತರಿಸಿ, ಬರೀ ಮೇನ್ ಬ್ರೇಡ್ ಮೇಲೆ ಎರಡು ಮೂರು ಅರೆಗಂಟು, ಆ ತುದಿಯೂ ಕತ್ತರಿಸಿ. ಕೆಲವರು ಲೀಡರ್ ತುದಿಗೆ ಲೈಟರ್ ಹಿಡಿದು ಸಣ್ಣ ಉಂಡೆ ಮಾಡ್ತಾರೆ, ಬೆಂಕಿ ಬ್ರೇಡಿಗೆ ತಾಗಿದ್ರೆ ಅಲ್ಲಿಗೆ ದಾರ ಹೋಯ್ತು, ಅಷ್ಟು ಜಾಗ್ರತೆ ಬೇಕು.

ಬೋಟು ಅಲೆಗೆ ಅಲ್ಲಾಡ್ತಾ ಇರೋವಾಗ ಇದೆಲ್ಲ ಕಷ್ಟ. ಅಲ್ಲಿ ಡಬಲ್ ಯೂನಿ (ಎರಡೂ ದಾರದ ತುದಿಯನ್ನ ಒಂದರ ಮೇಲೊಂದು ಸುತ್ತಿ ಗಂಟು ಹಾಕಿ ಎದುರುಬದುರು ಎಳೆಯೋದು) ಹಾಕಿ, ಬ್ರೇಡ್ ಕಡೆ ಏಳೆಂಟು ಸುತ್ತು, ಲೀಡರ್ ಕಡೆ ನಾಲ್ಕು. ಗಂಟು ದಪ್ಪ ಆಗ್ತದೆ, ಶಕ್ತಿ ಎಫ್‌ಜಿಗಿಂತ ಕಡಿಮೆ, ಆದ್ರೆ ಸರಿಯಾಗಿ ಹಾಕಿದ ಯೂನಿ, ಅರ್ಧಂಬರ್ಧ ಹಾಕಿದ ಎಫ್‌ಜಿಗಿಂತ ಎಷ್ಟೋ ಮೇಲು. ಯಾವ ಗಂಟೇ ಆಗ್ಲಿ ಒಣಗಿದ್ದಾಗ ಎಳೀಬೇಡಿ, ಉಜ್ಜಿದ ಬಿಸಿಗೇ ನೈಲಾನ್ ಸುಟ್ಟು ಬಿಳಿ ಆಗ್ತದೆ, ಬಿಳಿ ಕಂಡ್ರೆ ಕತ್ತರಿಸಿ ಹೊಸದು ಹಾಕಿ.

ಇಸ್ವಾಣ ಕಚ್ಚಿದ ಕೂಡ್ಲೇ ದಾರ ಕಡಿದು ಹೋಗ್ತದೆ. 80 ಪೌಂಡ್ ಫ್ಲೋರೋ ಹಾಕಿದ್ರೂ ನಿಲ್ಲಲ್ಲ. ಎಂತ ಮಾಡೋದು?

ಇಸ್ವಾಣ, ಮಂಗಳೂರು ಕಡೆಯವರ ಅಂಜಲ್, ಅದರ ಹಲ್ಲು ಎರಡೂ ದವಡೆಯಲ್ಲಿ ಚಪ್ಪಟೆ ತ್ರಿಕೋನ, ಬದಿಯೆಲ್ಲಾ ಬ್ಲೇಡ್. ಅದಕ್ಕೆ 80 ಆದ್ರೂ ಒಂದೇ 100 ಆದ್ರೂ ಒಂದೇ, ಫ್ಲೋರೋ ಹಲ್ಲಿಗೆ ನೇರ ಸಿಕ್ಕಿದ್ರೆ ಹೋಯ್ತು. ವೈರೇ ಬೇಕು. ವೈರ್ ಕಂಡ್ರೆ ಕಚ್ಚೋದು ಕಡಿಮೆ ಆಗ್ತದೆ ಅನ್ನೋದು ನಿಜ, ಅದಕ್ಕೆ ಉಪಾಯ ವೈರ್ ಬಿಡೋದಲ್ಲ, ಸಣ್ಣದು ಮತ್ತು ಗಿಡ್ಡದು ಮಾಡೋದು. ಲೂರಿಗೆ 15-20 ಸೆಂ.ಮೀ. ಸಾಕು, ಬೈಟಿಗೆ 30-40. ಒಂಟಿ ಎಳೆ ಸ್ಟೇನ್‌ಲೆಸ್ ವೈರಲ್ಲಿ 6 ನಂಬರ್ ಅಂದ್ರೆ ಸುಮಾರು 60 ಪೌಂಡ್, 7 ನಂಬರ್ ಅಂದ್ರೆ ಸುಮಾರು 70 ಪೌಂಡ್, ನಮ್ಮ ಇಸ್ವಾಣಕ್ಕೆ ಇಷ್ಟು ಸಾಕು. ವೈರ್ ಬೆಳ್ಳಿ ಬಣ್ಣದ್ದಕ್ಕಿಂತ ಕಾಫಿ ಬಣ್ಣದ್ದು ತಗೊಳ್ಳಿ.

ಒಂಟಿ ವೈರಿಗೆ ಗಂಟು ಹಾಕೋಕೆ ಆಗಲ್ಲ, ಹೇವೈರ್ ಟ್ವಿಸ್ಟ್ ಮಾಡ್ಬೇಕು. ಗಾಳದ ಕಣ್ಣಿಗೆ ವೈರ್ ಹಾಕಿ, ಎರಡೂ ಎಳೆ ಅಗಲವಾಗಿ ತೆರೆದು ಹಿಡಿದು ಎರಡನ್ನೂ ಒಂದಕ್ಕೊಂದು ಸಮವಾಗಿ ನಾಲ್ಕೈದು ಸುತ್ತು ಹೊಸೀರಿ. ಎರಡೂ ಎಳೆ ಸಮ ಹೊಸೀಬೇಕು, ಒಂದು ನೆಟ್ಟಗಿದ್ದು ಇನ್ನೊಂದು ಅದರ ಮೇಲೆ ಸುತ್ತಿದ್ರೆ ಎಳೆದಾಗ ಜಾರಿ ಬಿಚ್ತದೆ. ಆಮೇಲೆ ತುದಿಯನ್ನ ಅಡ್ಡಕ್ಕೆ ತಿರುಗಿಸಿ ಐದಾರು ಬಿಗಿ ಸುತ್ತು. ಕೊನೆ ತುದಿಯನ್ನ ಪ್ಲೈಯರಿಂದ ಕತ್ತರಿಸ್ಬೇಡಿ, ಚೂಪು ಉಳಿದು ಲೀಡರ್ ಹಿಡಿಯೋರ ಕೈ ಸೀಳ್ತದೆ. ಆ ತುದಿಯನ್ನ ಹಿಡಿಕೆ ಹಾಗೆ ಬಗ್ಗಿಸಿ ಹಿಂದೆ ಮುಂದೆ ತಿರುಗಿಸಿದ್ರೆ ಬುಡಕ್ಕೇ ಮುರಿದು ನುಣ್ಣಗೆ ಬರ್ತದೆ. ಒಂದು ಮೀನು ಹಿಡಿದ ಮೇಲೆ ವೈರ್ ಕೊಕ್ಕೆ ಕೊಕ್ಕೆ ಆಗಿದ್ರೆ ನೆಟ್ಟಗೆ ಮಾಡಿ ಮತ್ತೆ ಬಳಸ್ಬೇಡಿ, ಮಡಿಕೆ ಬಿದ್ದಲ್ಲೇ ಮುರೀತದೆ.

ಒಂಟಿ ವೈರ್ ಬೇಡ ಅನ್ನೋರಿಗೆ 7 ಎಳೆ, 49 ಎಳೆ ಕೇಬಲ್ ಇದೆ, ಮೆತ್ತಗೆ ಇರ್ತದೆ, ಕ್ರಿಂಪ್ ಹಾಕ್ಬೇಕು. ಅದರಲ್ಲಿ ಒಂದೆರಡು ಎಳೆ ತುಂಡಾಗಿ ಮುಳ್ಳಿನ ಹಾಗೆ ಎದ್ದಿದ್ರೆ ಬಿಸಾಡಿ. ಮೋರಿಗೆ (ಶಾರ್ಕ್) ಅಂತ ಹೋಗೋದಾದ್ರೆ ಕೇಬಲ್ಲೇ ಸರಿ.

ಇನ್ನೊಂದು, ಹೊಳೆಯೋ ಸ್ವಿವೆಲ್ (ದಾರ ತಿರುಚದ ಹಾಗೆ ತಿರುಗೋ ಕೊಂಡಿ). ಇಸ್ವಾಣ ಗುಂಪಲ್ಲಿ ಓಡಾಡೋ ಮೀನು, ಒಂದು ಲೂರಿಗೆ ಬಿದ್ದಾಗ ಪಕ್ಕದ್ದು ಮಿಂಚೋ ಸ್ವಿವೆಲ್ಲಿಗೆ ಬಾಯಿ ಹಾಕಿ ಅದರ ಮೇಲಿನ ದಾರ ಕಡೀತದೆ. ವೈರ್ ಹಾಕಿದ್ರೂ ಕಡೀತು ಅಂತ ಹೇಳೋರು ಇದನ್ನ ಮೊದ್ಲು ನೋಡಿ. ಕಪ್ಪು ಸ್ವಿವೆಲ್ ಹಾಕಿ, ಆದಷ್ಟು ಸಣ್ಣದು.

ಸ್ವಿವೆಲ್ ಎಲ್ಲಾ ಕಡೆ ಬೇಕಾ?

ಬೇಡ. ತಿರುಗೋ ಲೂರ್, ಟ್ರೋಲಿಂಗ್ ಇದ್ರೆ ಬಾಲ್ ಬೇರಿಂಗ್ ಸ್ವಿವೆಲ್ ಹಾಕಿ. ಪಾಪರ್, ಸ್ಟಿಕ್‌ಬೈಟ್ ಲೂರಿಗೆ ಕಡಿಮೆ ಸಾಮಾನು ಇದ್ದಷ್ಟೂ ಒಳ್ಳೇದು. ಅಗ್ಗದ ಸ್ನ್ಯಾಪ್ (ಲೂರ್ ಸಿಕ್ಕಿಸೋ ಕೊಂಡಿ) ಮಾತ್ರ ಯಾವತ್ತೂ ನಂಬ್ಬೇಡಿ, ಬಾಯಿ ತೆರೆದು ಕೂರ್ತದೆ.

ಕ್ರಿಂಪ್ ಹಾಕಿದ್ದು ಬಿಟ್ಟು ಬರ್ತದೆ ಯಾಕೆ?

ಮೂರು ಕಾರಣ ನೋಡಿ. ಕ್ರಿಂಪಿನ ತೂತು ದಾರಕ್ಕಿಂತ ದೊಡ್ಡದಾಗಿರ್ಬಹುದು, ದಾರ ಎರಡೂ ಹಾದು ಸ್ವಲ್ಪ ಬಿಗಿ ಕೂರೋದೇ ಸರಿ ಅಳತೆ. ಸಾದಾ ಪಕ್ಕಡ್‌ ಹಿಡಿದು ಒತ್ತಿರ್ಬಹುದು, ಅದು ಒಂದು ಕಡೆ ಜಜ್ಜಿ ದಾರ ಗಾಯ ಮಾಡ್ತದೆ, ಕ್ರಿಂಪಿಂಗ್ ಪ್ಲೈಯರ್ ಬೇರೆನೇ ತಗೊಳ್ಬೇಕು. ಅಥ್ವಾ ತುದಿವರೆಗೂ ಒತ್ತಿರ್ಬಹುದು, ಅದರ ಅಂಚೇ ದಾರ ಕೊಯ್ತದೆ. ಎರಡೂ ತುದಿ ಒಂದೊಂದು ಮಿ.ಮೀ. ಒತ್ತದೆ ಬಿಡಿ, ತುತ್ತೂರಿ ಬಾಯಿ ಹಾಗೆ ಸ್ವಲ್ಪ ಅರಳಿರ್ಬೇಕು. ಮೋನೋಗೆ ಅಲ್ಯುಮಿನಿಯಂ ಕ್ರಿಂಪ್, ಸ್ಟೀಲ್ ಕೇಬಲ್ಲಿಗೆ ತಾಮ್ರದ್ದು. 100 ಪೌಂಡ್ ಮೇಲಿನ ಮೋನೋಗೆ ಗಂಟು ಸರಿ ಕೂರಲ್ಲ, ಅಲ್ಲಿ ಕ್ರಿಂಪೇ ಬೇಕು.

ಬಂಗಡೆ ಬೈಟ್ ಹೇಗೆ ಕಟ್ಟೋದು?

ಜೀವಂತ ಬಂಗಡೆ ಸಿಕ್ಕಿದ್ರೆ ಅದಕ್ಕಿಂತ ಬೇರೆ ಎಂತ ಬೇಕು. ಮೂಗಿನ ಹತ್ರ ಒಂದು ಗಾಳ, ಅದರಿಂದ ಗಿಡ್ಡ ವೈರಲ್ಲಿ ಹಿಂದೆ ಒಂದು ಸಣ್ಣ ತ್ರಿಶೂಲ ಗಾಳ, ಬೆನ್ನಿನ ರೆಕ್ಕೆ ಹಿಂದೆ ಚರ್ಮಕ್ಕೆ ಮಾತ್ರ ಸಿಕ್ಕಿಸಿ ಬಿಡಿ. ಯಾಕಂದ್ರೆ ಇಸ್ವಾಣ ಇಡೀ ಮೀನು ನುಂಗಲ್ಲ, ಮೊದಲ ಏಟಿಗೆ ಬಾಲ ಕಡಿದು ತಗೊಂಡು ಹೋಗ್ತದೆ, ಹಿಂದೆ ಗಾಳ ಇಲ್ದಿದ್ರೆ ನಿಮಗೆ ಬರೋದು ಬರೀ ತಲೆ. ಇಂಜಿನ್ ತೀರಾ ನಿಧಾನ, ಒಂದು ಎರಡು ನಾಟ್ (ಬೋಟಿನ ವೇಗದ ಅಳತೆ), ಮೀನು ಈಜೋ ಅಷ್ಟು.

ಸತ್ತ ಬಂಗಡೆಗೆ ಬಾಯಿ ಹೊಲಿದು ಮುಚ್ಚಿ, ಗದ್ದದ ಕೆಳಗೆ ಸಣ್ಣ ಸೀಸ ಕಟ್ಟಿ, ಬೆನ್ನುಮೂಳೆ ಕೈಯಲ್ಲಿ ಬಗ್ಗಿಸಿ ಮೆತ್ತಗೆ ಮಾಡ್ಕೊಳ್ಳಿ. ಬೋಟಿನ ಪಕ್ಕದಲ್ಲೇ ಬಿಟ್ಟು ನೋಡಿ, ಈಜ್ಬೇಕು, ಗರಗರ ತಿರುಗ್ಬಾರ್ದು. ತಿರುಗ್ತಾ ಇದ್ರೆ ಗಾಳ ನಡುವೆ ಕೂತಿಲ್ಲ, ತೆಗೆದು ಮತ್ತೆ ಹಾಕಿ. ಮೂರು ನಾಲ್ಕು ನಾಟ್ ಸಾಕು, ಡೈವಿಂಗ್ ಲೂರಾದ್ರೆ ಐದಾರು.

ಕಲ್ಲಿನ ಮೇಲೆ ತಳಕ್ಕೆ ಗಾಳ ಬಿಟ್ರೆ ಎಲ್ಲಾ ಸಿಕ್ಕಾಕೊಂಡು ಹೋಗ್ತದೆ. ಬೇರೆ ದಾರಿ ಇದ್ಯಾ?

ಸೀಸವನ್ನ ತುದಿಯಲ್ಲಿ ಕಟ್ಟಿ, ಅದರ ಮೇಲೆ ಲೀಡರಲ್ಲೇ 15-20 ಸೆಂ.ಮೀ. ಕುಣಿಕೆ ತೆಗೆದು ಗಾಳ ಹಾಕಿ. ಲೀಡರ್ 60-80 ಪೌಂಡ್ ಇದ್ರೆ ಸೀಸ ಕಟ್ಟೋ ತುಂಡು ಮಾತ್ರ 20 ಪೌಂಡಿನದ್ದು. ಕಲ್ಲಲ್ಲಿ ಸಿಕ್ಕೋದು ಹೆಚ್ಚಾಗಿ ಸೀಸ, ಎಳೆದ್ರೆ ಆ ತುಂಡು ಕಡೀತದೆ, ಉಳಿದಿದ್ದು ಮೇಲೆ ಬರ್ತದೆ. ಗ್ರೂಪರ್ ಕಚ್ಚಿದ್ರೆ ಮೊದಲ ಕೆಲವು ಸೆಕೆಂಡಲ್ಲೇ ಅದನ್ನ ತಳದಿಂದ ಮೇಲೆ ಎತ್ಬೇಕು, ಬಿಲಕ್ಕೆ ಹೊಕ್ಕಿ ಕಿವಿರು ಅಗಲಿಸಿ ಕೂತ್ರೆ ಲೀಡರ್ ಕಲ್ಲಿಗೆ ಉಜ್ಜಿ ಮುಗೀತು.

ನೇತ್ರಾಣಿ ದ್ವೀಪದ ಸುತ್ತ ಹೋಗೋರಿಗೆ ಒಂದು ಮಾತು, ಅಲ್ಲಿ ಸ್ಕೂಬಾ ಬೋಟುಗಳು ನಿಂತಿರ್ತಾವೆ, ನೀರೊಳಗೆ ಜನ ಇರ್ತಾರೆ. ಅವರಿರೋ ಕಡೆ ಗಾಳ, ಸೀಸ ಬಿಡ್ಲೇಬಾರ್ದು. ಕಾರವಾರದಲ್ಲಿ ನೌಕಾನೆಲೆ ಕಡೆ, ಅಂಜುದೀವ್ ದ್ವೀಪದ ಹತ್ರ ಹೋಗೋ ಯೋಚನೆನೇ ಬೇಡ.

ಡ್ರ್ಯಾಗ್ ಎಷ್ಟಿಡೋದು? ಕೈ ಅಂದಾಜಿಗೆ ಆಗ್ತದಾ?

ಡ್ರ್ಯಾಗ್ ಅಂದ್ರೆ ಮೀನು ಎಳೆದಾಗ ರೀಲ್ ದಾರ ಬಿಡೋ ಬಿಗಿ, ಅದು ಅಂದಾಜಿಗೆ ಆಗಲ್ಲ. ಮೀನು ತೂಗೋ ಸ್ಪ್ರಿಂಗ್ ತಕ್ಕಡಿನೋ ಡಿಜಿಟಲ್ ಕಾಂಟಾನೋ ತಗೊಂಡು ಲೀಡರ್ ತುದಿಗೆ ಕಟ್ಟಿ, ಒಬ್ಬರು ರಾಡ್ ಹಿಡೀಲಿ, ಒಬ್ಬರು ಎಳೀಲಿ, ದಾರ ಬಿಡೋಕೆ ಶುರು ಆದಾಗ ಎಷ್ಟು ತೋರಿಸ್ತದೆ ನೋಡಿ. ನಿಮ್ಮ ಸಾಮಾನಲ್ಲಿ ಎಲ್ಲಕ್ಕಿಂತ ದುರ್ಬಲ ಇರೋದ್ರ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಡಿ. 30 ಪೌಂಡ್ ಅಂದ್ರೆ 13.6 ಕೆಜಿ, ಅದಕ್ಕೆ ಮೂರೂವರೆಯಿಂದ ನಾಲ್ಕೂವರೆ ಕೆಜಿ. ದಾರ 50 ಇದ್ದು ಸ್ವಿವೆಲ್ 30ರದ್ದಾಗಿದ್ರೆ ಲೆಕ್ಕ 30ಕ್ಕೇ.

ಇನ್ನೊಂದು ವಿಷ್ಯ ಬಹಳ ಜನ ಗಮನಿಸಲ್ಲ. ಮೀನು ದಾರ ಎಳ್ಕೊಂಡು ಓಡ್ತಾ ಹೋದ ಹಾಗೆ ಸ್ಪೂಲಲ್ಲಿ ಸುತ್ತು ಸಣ್ಣ ಆಗ್ತದೆ, ನೀವು ನಾಬ್ ಮುಟ್ಟದಿದ್ರೂ ಡ್ರ್ಯಾಗ್ ತಾನಾಗೇ ಏರ್ತದೆ. ಸುತ್ತಿನ ಅಗಲ ಅರ್ಧ ಆದ್ರೆ ಡ್ರ್ಯಾಗ್ ಎರಡು ಪಟ್ಟು. ಅದರ ಮೇಲೆ ನೀರಲ್ಲಿರೋ ನೂರಾರು ಮೀಟರ್ ದಾರದ ಎಳೆತ ಬೇರೆ. ಅಂದ್ರೆ ಮೀನು ದೂರ ಹೋದಾಗ ಬಿಗಿ ಮಾಡೋದಲ್ಲ, ಸ್ವಲ್ಪ ಸಡಿಲ ಮಾಡ್ಬೇಕು.

ಸರ್ಕಲ್ ಗಾಳಕ್ಕೆ ಮೀನು ನಿಲ್ಲೋದೇ ಇಲ್ಲ ಅಂತಾರೆ, ಹೌದಾ?

ಸರ್ಕಲ್ ಅಂದ್ರೆ ಮೊನೆ ಒಳಕ್ಕೆ ಬಾಗಿರೋ ಗಾಳ, ಝಟಕಾ ಹೊಡೆದ್ರೆ ನಿಲ್ಲಲ್ಲ. ಕಚ್ಚಿದ್ದು ಗೊತ್ತಾದ ಮೇಲೆ ರಾಡ್ ಎತ್ತಬೇಡಿ, ಸುಮ್ನೆ ರೀಲ್ ಸುತ್ತಿ, ಗಾಳ ಜಾರಿ ಬಂದು ಬಾಯಿ ಮೂಲೆಗೆ ಕೂರ್ತದೆ. ಬಿಡ್ಬೇಕು ಅಂತಿರೋ ಮೀನಿಗೆ ಇದು ಬಹಳ ಒಳ್ಳೇದು, ಹೊಟ್ಟೆಗೆ ಹೋಗೋದು ಕಡಿಮೆ. ಹಲ್ಲಿನ ಮೀನಿಗೂ ಅನುಕೂಲ, ಲೀಡರ್ ಬಾಯಿ ಹೊರಗೇ ಉಳೀತದೆ. ಇಸ್ವಾಣದ ಬೈಟಿಗೆ ಮಾತ್ರ ಮೇಲೆ ಹೇಳಿದ ಎರಡು ಗಾಳದ ಕಟ್ಟೇ ಸರಿ.

ಯಾವ ತಿಂಗಳಲ್ಲಿ ಹೋಗ್ಬಾರ್ದು?

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟಿಗೆ ನಿಷೇಧ. 10 ಎಚ್‌ಪಿವರೆಗಿನ ಮೋಟಾರ್ ಹಾಕಿದ ನಾಡದೋಣಿಗೆ ಅವಕಾಶ ಇದೆ, ಅದು ಹೊಟ್ಟೆಪಾಡಿಗೆ ಹೋಗೋರಿಗೆ, ಶೋಕಿಗೆ ಹೋಗೋ ಸಮುದ್ರ ಅದಲ್ಲ. ನೂಲು ಹುಣ್ಣಿಮೆಗೆ ಖಾರ್ವಿ, ಹರಿಕಂತ್ರರು ಸಮುದ್ರಕ್ಕೆ ಕಾಯಿ ಬಿಟ್ಟ ಮೇಲೂ ಅಳಿವೆಯಲ್ಲಿ ಅಲೆ ಜೋರೇ ಇರ್ತದೆ, ಶರಾವತಿ ಅಳಿವೆಯ ಮರಳು ದಿಬ್ಬ ಬೋಟು ಮಗುಚಿಸೋ ಅಂಥದ್ದು. ಹೊರಡೋದು ಬಿಡೋದು ತಾಂಡೇಲ (ಬೋಟ್ ನಡೆಸೋರು) ಹೇಳಿದ ಹಾಗೆ, ಅವರು ಬೇಡ ಅಂದ ದಿನ ದುಡ್ಡು ಜಾಸ್ತಿ ಕೊಡ್ತೇನೆ ಅಂತ ಒತ್ತಾಯ ಮಾಡ್ಬೇಡಿ.

ಮೀನು ಬೋಟಿನ ಹತ್ರ ಬಂದಾಗ ಲೀಡರ್ ಹೇಗೆ ಹಿಡಿಯೋದು?

ಗ್ಲೌಸ್ ಇಲ್ದೆ ಮುಟ್ಬೇಡಿ. ಕೈಗೆ ಗಂಟು ಬೀಳೋ ಹಾಗೆ ಸುತ್ಕೊಳ್ಳೋದಂತೂ ಬೇಡವೇ ಬೇಡ, ಮೀನು ಮತ್ತೆ ಓಡಿದ್ರೆ ಬೆರಳು ಹೋಗ್ತದೆ, ದೊಡ್ಡ ಮೀನಾದ್ರೆ ಆಳೇ ನೀರಿಗೆ. ಅಂಗೈಯಿಂದ ಹಿಡಿದು ಬೇಕಾದಾಗ ಬಿಡೋ ಹಾಗಿರ್ಲಿ. ಹಿಡಿಯೋರ ಕಾಲಡಿ ಸಡಿಲ ಲೀಡರ್ ಸುರುಳಿ ಬೀಳ್ದ ಹಾಗೆ ಇನ್ನೊಬ್ಬರು ನೋಡ್ಬೇಕು. ವೈರ್ ಕತ್ತರಿಸೋ ಕಟರ್ ಕೈಗೆ ಸಿಗೋ ಕಡೆ ಇರ್ಲಿ, ಗಾಳ ಕೈಗೆ ನೆಟ್ರೆ ಮೊದ್ಲು ಬೇಕಾಗೋದು ಅದೇ. ತೊರಕೆ (ಬಾಲದಲ್ಲಿ ಮುಳ್ಳಿರೋ ಚಪ್ಪಟೆ ಮೀನು) ಬಂದ್ರೆ ಬೋಟಿಗೆ ಎತ್ತದೇ ಲೀಡರ್ ಹತ್ರಕ್ಕೆ ಕತ್ತರಿಸಿ ಬಿಡಿ.

ಕತ್ತರಿಸಿದ ದಾರದ ತುಂಡು ಎಂತ ಮಾಡೋದು?

ಒಂದು ಬಾಟ್ಲಿಗೆ ತುಂಬಿ ವಾಪಸ್ ತನ್ನಿ, ಬೆರಳುದ್ದದ ತುಂಡೂ ನೀರಿಗೆ ಬೇಡ. ನಮ್ಮ ಹೊನ್ನಾವರ, ಕಾರವಾರದ ಮರಳಿಗೆ ಕಡಲಾಮೆ ಮೊಟ್ಟೆ ಇಡೋಕೆ ಬರ್ತಾವೆ, ಆಲಿವ್ ರಿಡ್ಲೆ. ಅವುಗಳ ರೆಕ್ಕೆಗೆ ನೈಲಾನ್ ಸುತ್ತಿ ಕೊಳೆತಿರೋದು ನೋಡಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಆಮೆ ಗಾಳಕ್ಕೆ ಬಿದ್ರೆ ಎಳೆದು ಎತ್ಬೇಡಿ, ಆದಷ್ಟು ಹತ್ರಕ್ಕೆ ದಾರ ಕತ್ತರಿಸಿ. ತಿಮಿಂಗಿಲ ಶಾರ್ಕ್, ಗರಗಸ ಮೀನು, ಆಮೆ ಎಲ್ಲಾ 1972ರ ವನ್ಯಜೀವಿ ಕಾಯ್ದೆಯಲ್ಲಿ ಬರ್ತಾವೆ.

ಬಂದ ಮೇಲೆ ಸಾಮಾನು ಹೇಗೆ ಇಡೋದು? ಮಳೆಗಾಲದಲ್ಲಿ ಎಲ್ಲಾ ತುಕ್ಕು.

ಅದೇ ದಿನ ಸಿಹಿ ನೀರಲ್ಲಿ ತೊಳೀರಿ, ಡ್ರ್ಯಾಗ್ ಬಿಗಿ ಮಾಡಿ, ಮೆಲ್ಲಗೆ ನೀರು ಬಿಟ್ಟು. ಜೋರು ಪೈಪ್ ಹಿಡಿದ್ರೆ ಉಪ್ಪು ಬೇರಿಂಗ್ ಒಳಗೇ ಹೋಗ್ತದೆ. ಒಣಗಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ ಇಡಿ. ಬಳಸಿದ ಲೂರ್ ತೊಳೀದೆ ಡಬ್ಬಿಗೆ ಹಾಕಿದ್ರೆ ಅದೊಂದೇ ಸಾಕು ಉಳಿದ ಗಾಳಗಳಿಗೂ ತುಕ್ಕು ಹತ್ಸೋಕೆ. ಲೀಡರ್ ಸ್ಪೂಲು ಬಿಸಿಲು ಬೀಳದ ಕಡೆ ಇರ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ನೈಲಾನ್ ನಂಬ್ಬೇಡಿ. ಬ್ರೇಡಿನ ಮುಂದಿನ ಮೂರು ನಾಲ್ಕು ಮೀಟರ್ ಉಗುರಲ್ಲಿ ಸವರಿ ನೋಡಿ, ನಯ ಹೋಗಿ ಜುಂಗು ಎದ್ದಿದ್ರೆ ಕತ್ತರಿಸಿ.

ಹೊರಡೋ ಹಿಂದಿನ ರಾತ್ರಿ ಎಷ್ಟು ಕಟ್ಟಿ ಇಟ್ಕೊಳ್ಬೇಕು?

ಒಂದೊಂದು ರಾಡಿಗೆ ಎಫ್‌ಜಿ ಹಾಕಿದ ಲೀಡರ್ ಸಿದ್ಧ ಇರ್ಲಿ. ವೈರ್ ಟ್ರೇಸ್ (ಗಾಳ ಕಟ್ಟಿದ ವೈರ್ ತುಂಡು) ಆರೇಳು, ಬಂಗಡೆ ಕಟ್ಟು ನಾಲ್ಕು, ತಳದ ಕಟ್ಟು ನಾಲ್ಕು, ಒಂದೊಂದೂ ಬೇರೆ ಬೇರೆ ಪ್ಲಾಸ್ಟಿಕ್ ಕವರಲ್ಲಿ ಸುರುಳಿ ಸುತ್ತಿ, ಮೇಲೆ ಪೆನ್ನಲ್ಲಿ ಪೌಂಡ್ ಬರೆದು. ಪ್ರತಿಯೊಂದನ್ನೂ ಕಿಟಕಿ ಸರಳಿಗೆ ಗಾಳ ಸಿಕ್ಕಿಸಿ, ಗ್ಲೌಸ್ ಹಾಕಿ, ಮುಖ ಆ ಕಡೆ ತಿರುಗಿಸಿ, ತಕ್ಕಡಿಯಲ್ಲಿ ಡ್ರ್ಯಾಗಿಗಿಂತ ಎರಡು ಕೆಜಿ ಜಾಸ್ತಿ ಬರೋವರೆಗೆ ಎಳೀರಿ. ಜಾರಿದ್ದನ್ನ ಅಲ್ಲೇ ಕತ್ತರಿಸಿ ಮತ್ತೆ ಕಟ್ಟಿ. ಇಷ್ಟಕ್ಕೆ ಒಂದೆರಡು ತಾಸು ಬೇಕಾಗ್ತದೆ, ಹಾಗಾಗಿ ಊಟಕ್ಕೆ ಮೊದ್ಲೇ ಶುರು ಮಾಡಿ, ನಿದ್ದೆಗಣ್ಣಲ್ಲಿ ಕಟ್ಬೇಡಿ.